ಕಲ್ಲಿಗೆ ಬೆಳೆದ ಕೂದಲು

ಸೊಸೆಯ ಕತ್ತರಿಗೆ ಹೆದರದ ಕೂದಲು ಈ ಭೂಮಿಯ ಮೇಲೆ ಇರಲಿಲ್ಲ. ಬಾಚಣಿಗೆಯ ಹಲ್ಲು ಮುರಿಯುವಂಥ ಗುಂಗುರು ತಲೆಯೂ ಅವಳ ಕುರ್ಚಿಗೆ ಬಂದರೆ ಹಾಲು ಕುಡಿದ ಮಗುವಿನಂತೆ ತೆಪ್ಪಗಾಗುತ್ತಿತ್ತು. ಅಂಥವಳ ಸೊಕ್ಕು ಮುರಿಯಲು ಕೊನೆಗೆ ಕೂದಲೇ ಬರಬೇಕಾಯಿತು. ಅದೂ ತಲೆಯ ಮೇಲಿನದಲ್ಲ, ಕಲ್ಲಿನ ಮೇಲಿನದು.

ಅವಳ ಸಲೂನಿನಲ್ಲಿ, ಗಿರಾಕಿಗಳು ಕಾಯುವ ಬೆಂಚಿನ ಎದುರು, ಒಂದು ಉದ್ದನೆಯ ಗಾಜಿನ ತೊಟ್ಟಿಯಿತ್ತು. ಅದರೊಳಗೆ ಸಮುದ್ರ. ನಲ್ಲಿ ನೀರು ತುಂಬಿ ನಾಲ್ಕು ಮೀನು ಬಿಟ್ಟ ತೊಟ್ಟಿಯಲ್ಲ ಅದು; ಶುದ್ಧ ಮಾಡಿದ ನೀರಿಗೆ ಅಳೆದು ಉಪ್ಪು ಬೆರೆಸಿ, ಬಿಸಿ ನೋಡಿ, ಅಲೆ ಎಬ್ಬಿಸಲು ಪಂಪು ಇಟ್ಟು ಸೊಸೆ ಕೈಯಾರೆ ಮಾಡಿದ ಸಮುದ್ರ.

"ಸಮುದ್ರ ಮಾಡೋಕೆ ದೇವ್ರಿಗೆ ಎಷ್ಟು ಕಾಲ ಹಿಡೀತೋ ಏನೋ, ನಮ್ಮ ಸೊಸೆಗೆ ಎರಡು ಬಕೆಟ್ ಸಾಕು," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಮೂಲೆಯ ಸ್ಟೂಲಿನಲ್ಲಿ ಕೂತು ಒಣಗಿದ ಟವೆಲ್ ಮಡಚುವುದು ಅವರ ಕೆಲಸ. ಟವೆಲ್ ಮುಗಿದರೆ ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದರೇ ಹೊರತು ಆ ಜಾಗ ಬಿಡುತ್ತಿರಲಿಲ್ಲ.

ತೊಟ್ಟಿಯ ನಟ್ಟನಡುವೆ, ಒಂದು ಕಲ್ಲಿನ ಮೇಲೆ, ಸೊಸೆಯ ಹವಳ. ಉಂಗುರಕ್ಕೆ ಕೂರಿಸುವ ಕೆಂಪು ಹರಳಲ್ಲ, ಜೀವವಿರುವ ಹವಳ. ಕೆಳಗೆ ಸುಣ್ಣದಂಥ ಗಟ್ಟಿ ಕವಲುಗಳು, ಪ್ರತಿ ಕವಲಿನ ತುದಿಗೂ ಮೆತ್ತನೆಯ ಹಸಿರು ಬೆರಳುಗಳ ಗೊಂಚಲು, ಪ್ರತಿ ಬೆರಳಿನ ತುದಿಗೂ ಚಿನ್ನದ ಬೊಟ್ಟು. ಸಲೂನು ತೆರೆದ ಹೊಸತರಲ್ಲಿ ಎದುರು ಕಟ್ಟಡದ ಹಲ್ಲಿನ ಡಾಕ್ಟರಮ್ಮ ತಮ್ಮ ತೊಟ್ಟಿಯಿಂದ ಒಂದು ಕವಲು ಮುರಿದು ಕೊಟ್ಟಿದ್ದರು, ಕಿರುಬೆರಳಿನಷ್ಟು. ಸೊಸೆ ಅದನ್ನು ಸಾಕಿ ಸಲಹಿ, ಅತ್ತೆಯ ಲೆಕ್ಕದಲ್ಲಿ, ಎತ್ತಿನ ತಲೆಯಷ್ಟು ಮಾಡಿದ್ದಳು. ಉಳಿದವರ ಲೆಕ್ಕದಲ್ಲಿ ಹೂಕೋಸಿನಷ್ಟು. ಕೇಸರಿ ಮೈಗೆ ಬಿಳಿ ಪಟ್ಟಿಯ ಎರಡು ಮೀನು ಅದರ ಬೆರಳುಗಳ ನಡುವೆ ಸಂಸಾರ ಹೂಡಿದ್ದವು. ಹೆಣ್ಣು ದೊಡ್ಡದು, ಗಂಡು ಚಿಕ್ಕದು. ಹೆಣ್ಣು ಗದರಿದರೆ ಗಂಡು ಮೈ ನಡುಗಿಸಿ ಪಕ್ಕಕ್ಕೆ ಸರಿಯುವುದು. "ನೋಡಿ ಕಲ್ತ್ಕೋ," ಎಂದು ಅತ್ತೆ ಮಗನಿಗೆ ಹೇಳುತ್ತಿದ್ದರು.

ಬೆಳಗಿನಿಂದ ನಿಂತೇ ದುಡಿಯುವ ಸೊಸೆ, ಒಂದು ತಲೆ ಎದ್ದು ಇನ್ನೊಂದು ತಲೆ ಕೂರುವ ನಡುವಿನ ಹೊತ್ತಿನಲ್ಲಿ, ಚಹಾದ ಲೋಟ ಹಿಡಿದು ಆ ಹವಳದ ಮುಂದೆ ನಿಲ್ಲುತ್ತಿದ್ದಳು. ಅವಳ ಪಾಲಿಗೆ ಕೂರುವುದೂ ಅದೇ, ಮಲಗುವುದೂ ಅದೇ. ಆಗ ಅವಳ ಭುಜಗಳು ಸ್ವಲ್ಪ ಕೆಳಗಿಳಿಯುವುದನ್ನು ಅತ್ತೆ ಟವೆಲ್ಲಿನ ಮರೆಯಿಂದ ನೋಡುತ್ತಿದ್ದರು.

ಹೀಗಿರುವಾಗ ಹವಳದ ಹಿಂದಿನ ಕಲ್ಲಿನ ಮೇಲೆ ಹಸಿರು ಪಾಚಿಯ ಎಳೆಗಳು ಕಂಡವು. ಆಗತಾನೇ ಮೀಸೆ ಚಿಗುರಿದ ಹುಡುಗನ ತುಟಿಯ ಹಾಗೆ, ನೋಡಲು ಚೆನ್ನಾಗಿಯೇ ಇತ್ತು. ವಾರ ಕಳೆಯುವುದರೊಳಗೆ ಮೀಸೆ ಗಡ್ಡವಾಯಿತು, ಗಡ್ಡ ಜಡೆಯಾಯಿತು.

ಕೂದಲು ಬೆಳೆದದ್ದು ಕಂಡರೆ ಸಲೂನಿನವಳ ಕೈ ಸುಮ್ಮನಿರುತ್ತದೆಯೇ? ಉದ್ದನೆಯ ಹೊಸ ಕತ್ತರಿಯೊಂದನ್ನು ಅದಕ್ಕೆಂದೇ ಎತ್ತಿಟ್ಟಳು. ದಿನಾ ಕೊನೆಯ ಗಿರಾಕಿ ಹೋದ ಮೇಲೆ ಮೊಣಕೈವರೆಗೆ ತೊಟ್ಟಿಗೆ ಕೈ ಇಳಿಸಿ, ಕಲ್ಲಿಗೆ ಕ್ಷೌರ ಮಾಡಿದಳು. ಏನು ಚೆಂದದ ಕ್ಷೌರ! ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಮ್ಮಿಯಿಲ್ಲ. ಮದುವೆ ಗಂಡಿಗೂ ಅವಳು ಅಷ್ಟು ನಾಜೂಕಾಗಿ ಮಾಡಿದ್ದಿಲ್ಲ. ಕತ್ತರಿಸಿದ ಚೂರುಗಳೆಲ್ಲ ಪಂಪಿನ ಅಲೆಯಲ್ಲಿ ತೇಲಿಕೊಂಡು ಹೋಗುತ್ತಿದ್ದವು. ಎಲ್ಲಿ ಹೋದವೆಂದು ಅವಳು ಕೇಳಲಿಲ್ಲ. ನೆಲದ ಮೇಲೆ ಬಿದ್ದ ಕೂದಲನ್ನು ಗುಡಿಸಿ ಬಿಸಾಡಿದವಳಿಗೆ, ಬಿದ್ದ ಕೂದಲು ಬೇರು ಬಿಡುತ್ತದೆಂದು ಹೇಗೆ ಗೊತ್ತಾಗಬೇಕು?

ತಿಂಗಳಾಗುವಷ್ಟರಲ್ಲಿ ತೊಟ್ಟಿಯಲ್ಲಿ ಬೋಳು ಕಲ್ಲೇ ಇರಲಿಲ್ಲ. ದನ ಬಿಟ್ಟಿದ್ದರೆ ಹೊಟ್ಟೆ ತುಂಬ ಮೇದು, ಮಲಗಿ ಮೆಲುಕು ಹಾಕಿ ಬರುತ್ತಿತ್ತು ಎಂದು ಅತ್ತೆಯ ಅಂದಾಜು.

ಬೊಕ್ಕ ತಲೆಯ ಗಿರಾಕಿಯೊಬ್ಬರಿದ್ದರು. ಕಿವಿಯ ಸುತ್ತಲಿನ ನಾಲ್ಕು ಎಳೆ ಕತ್ತರಿಸಿಕೊಳ್ಳಲು ತಪ್ಪದೆ ಬರುವವರು. ತೊಟ್ಟಿಯ ಮುಂದೆ ನಿಂತು ಕೇಳಿದರು: "ಏನಮ್ಮಾ, ಈ ಕಲ್ಲಿಗೆ ಯಾವ ಎಣ್ಣೆ ಹಚ್ತೀರಿ? ನನಗೂ ಸ್ವಲ್ಪ ಕೊಡಿ."

"ಎಣ್ಣೆ ದಂಡ ಸ್ವಾಮಿ," ಎಂದರು ಅತ್ತೆ. "ಆ ಕಲ್ಲಲ್ಲಿ ಸಾರ ಇದೆ."

ಅಂಗಡಿಯೆಲ್ಲ ನಕ್ಕಿತು. ಸೊಸೆ ಮಾತ್ರ ನಗಲಿಲ್ಲ. ಅವಳು ನೋಡುತ್ತಿದ್ದದ್ದು ನಡುವಿನ ಕಲ್ಲನ್ನು. ಪಾಚಿ ಹವಳದ ಬುಡಕ್ಕೆ ಬಂದು, ಕವಲುಗಳ ನಡುವೆ ನುಗ್ಗಿ, ಬೆರಳುಗಳ ಕತ್ತಿಗೆ ಸುತ್ತಿಕೊಂಡಿತ್ತು. ಹಸಿರು ಬೆರಳುಗಳು ಒಳಕ್ಕೆ ಸೇದಿಕೊಂಡಿದ್ದವು. ಮೀನು ದಂಪತಿ, ಬೀಗ ಹಾಕಿದ ಮನೆಯ ಮುಂದೆ ನಿಂತ ಬಾಡಿಗೆದಾರರ ಹಾಗೆ, ಹೊರಗೇ ಸುತ್ತುತ್ತಿದ್ದವು.

"ಅತ್ತೆ, ಇದು ಸತ್ತರೆ ನಾನು ತೊಟ್ಟಿ ಖಾಲಿ ಮಾಡ್ತೀನಿ," ಎಂದಳು ಸೊಸೆ. "ಮೀನು ಡಾಕ್ಟರಮ್ಮಂಗೆ ಕೊಟ್ಟು, ಇಲ್ಲಿ ಇನ್ನೊಂದು ಕುರ್ಚಿ ಹಾಕ್ತೀನಿ. ಮತ್ತೆ ಇದಕ್ಕೆ ಕೈ ಹಾಕಲ್ಲ."

ಅತ್ತೆ ಟವೆಲ್ ಮಡಚುವುದನ್ನು ಬಿಟ್ಟರು. ಸೊಸೆ ತಮ್ಮ ಹಾಗಲ್ಲ. ಬಾಯಿಗೆ ಬಂದದ್ದನ್ನು ಆಡುವವಳಲ್ಲ. ಇನ್ನೊಂದು ಕುರ್ಚಿ ಬಂದರೆ ಇನ್ನೊಂದು ತಲೆ ಬರುತ್ತದೆ. ಆಮೇಲೆ ಈ ಹುಡುಗಿ ಲೋಟ ಹಿಡಿದು ಎಲ್ಲಿ ನಿಲ್ಲುತ್ತಾಳೆ?

ಮಾರನೆಯ ದಿನವೇ ಅತ್ತೆ ರಸ್ತೆ ದಾಟಿ, ಇಲ್ಲದ ಹಲ್ಲುನೋವು ಹೇಳಿಕೊಂಡು, ಡಾಕ್ಟರಮ್ಮನನ್ನು ಎಳೆದುಕೊಂಡೇ ಬಂದರು.

ಡಾಕ್ಟರಮ್ಮ ತೊಟ್ಟಿ ನೋಡಿದರು, ಕತ್ತರಿ ನೋಡಿದರು, ಹಣೆ ಚಚ್ಚಿಕೊಂಡರು. "ಅಯ್ಯೋ, ಹುಳುಕು ಹಲ್ಲಿನ ತುದಿ ಕತ್ತರಿಸಿದ್ರೆ ನೋವು ಹೋಗುತ್ತೇನ್ರೀ? ಬುಡ ಹಾಗೇ ಇದೆ, ಕತ್ತರಿಸಿದ ಚೂರೆಲ್ಲ ಬಿತ್ತನೆ ಆಗಿದೆ. ನೀವು ಪಾಚಿ ತೆಗೀತಿರಲಿಲ್ಲ, ನಾಟಿ ಮಾಡ್ತಿದ್ರಿ."

ಸೊಸೆಯ ಮುಖ ಕೆಂಪಾಯಿತು.

"ಇದಕ್ಕೆ ಇಷ್ಟು ಗೊಬ್ಬರ ಎಲ್ಲಿಂದ ಬರ್ತಿದೆ? ಮೀನಿಗೆ ಯಾರು ಊಟ ಹಾಕೋದು?" ಎಂದರು ಡಾಕ್ಟರಮ್ಮ.

"ದಿನಕ್ಕೊಂದು ಚಿಟಿಕೆ, ನಾನೇ."

ಬೆಂಚಿನ ಮೇಲಿದ್ದ ಬೊಕ್ಕ ತಲೆಯವರು ಕೆಮ್ಮಿದರು. "ಕಾಯ್ವಾಗ ನಾನೂ ಒಂಚೂರು ಹಾಕ್ತಿದ್ದೆ."

"ನಾನೂ," ಎಂದಿತು ಇನ್ನೊಂದು ತಲೆ. ಆಮೇಲೆ ಎಲ್ಲರೂ ಅತ್ತೆಯತ್ತ ತಿರುಗಿದರು.

"ಬಾಯಿ ತಕ್ಕೊಂಡು ಓಡಿ ಬರ್ತವೆ ಕಣೇ!" ಎಂದರು ಅತ್ತೆ. "ಕಣ್ಣಲ್ಲಿ ಕಣ್ಣಿಟ್ಟು ನೋಡ್ತವೆ. ಕಲ್ಲು ಹೃದಯದವರು ಸುಮ್ನಿರಬಹುದು, ನನ್ನ ಕೈಲಾಗುತ್ತಾ?"

ಸೊಸೆ ಮೀನಿನ ಊಟದ ಡಬ್ಬಿಯನ್ನು ಕಪಾಟಿಗೆ ಹಾಕಿ ಬೀಗ ಜಡಿದಳು.

ಸಂಜೆ ಡಾಕ್ಟರಮ್ಮ ಮುಚ್ಚಳದ ಬಕೆಟ್ಟೊಂದನ್ನು ತಂದರು. ಒಳಗೆ, ಹಿಡಿ ಗಾತ್ರದ, ಮೂಳೆಯಿಲ್ಲದ, ಕಂದು ಚುಕ್ಕೆಯ ಒಂದು ಮುದ್ದೆ. ತಲೆಯ ಮೇಲೆ ಕಿವಿಯಂಥ ಎರಡು ಕೊಂಬು. ಕಡಲ ಮೊಲವೆಂದು ಅದಕ್ಕೆ ಹೆಸರಂತೆ. ಉಪ್ಪುನೀರಿನ ತೊಟ್ಟಿ ಸಾಕುವವರ ನಡುವೆ ಅದೊಂದು ಪದ್ಧತಿ: ಒಂದೇ ಮೊಲ, ಮನೆಯಿಂದ ಮನೆಗೆ ಹೋಗುತ್ತದೆ. ಪಾಚಿ ಬಿಟ್ಟು ಬೇರೇನೂ ತಿನ್ನದು. ಪಾಚಿ ಮುಗಿದ ಮನೆಯವರು ಅದು ಹಸಿಯುವ ಮೊದಲು ಮುಂದಿನ ಮನೆಗೆ ದಾಟಿಸಬೇಕು.

"ಪಂಪಿನ ಬಾಯಿಗೆ ಸ್ಪಂಜು ಕಟ್ಟಿ," ಎಂದರು ಡಾಕ್ಟರಮ್ಮ. "ಇದು ಒಳಗೆ ಸಿಕ್ಕಿಕೊಂಡ್ರೆ ನೇರಳೆ ಮಸಿ ಕಾರುತ್ತೆ, ತೊಟ್ಟಿಗೆ ತೊಟ್ಟೀನೇ ಸಾಯುತ್ತೆ."

ಸೊಸೆ ಒಂದಕ್ಕೆ ಎರಡು ಸ್ಪಂಜು ಕಟ್ಟಿದಳು. ಮೊಲ ಕಲ್ಲಿನ ಮೇಲೆ ಇಳಿದು, ಬಾಯಿ ಅಗಲಿಸಿ, ಮೇಯಲು ಶುರುಮಾಡಿತು. ತಲೆ ಎತ್ತಲಿಲ್ಲ. ಅತ್ತ ಇತ್ತ ನೋಡಲಿಲ್ಲ. ಬೆಳಗ್ಗೆ ಬಂದರೆ ತಿನ್ನುತ್ತಿತ್ತು, ಸಂಜೆ ಹೋಗುವಾಗಲೂ ತಿನ್ನುತ್ತಿತ್ತು.

"ಇದು ಮೊಲ ಅಲ್ಲ ಕಣೇ, ಅಳಿಯ," ಎಂದರು ಅತ್ತೆ. "ಕೂತಲ್ಲೇ ಎಲ್ಲಾ ಬರಬೇಕು, ಒಂದು ಮಾತಿಲ್ಲ ಕತೆಯಿಲ್ಲ."

ಅಳಿಯ ಹೋದ ದಾರಿಯಲ್ಲಿ ಕಲ್ಲುಗಳು ಬೆಳ್ಳಗೆ ಹೊರಬಂದವು. ಆದರೆ ಹವಳದ ಬುಡಕ್ಕೆ ಹೋದಾಗಲೆಲ್ಲ ಅದು ಕೊಂಬು ಎಳೆದುಕೊಂಡು ಹಿಂದೆ ಸರಿಯುತ್ತಿತ್ತು. ಹವಳದ ಬೆರಳಲ್ಲಿ ವಿಷ, ಮುಟ್ಟಿದರೆ ಚುರುಕ್ಕೆನ್ನುತ್ತದೆ. ಸುತ್ತಲಿನ ಕಾಡೆಲ್ಲ ಬಯಲಾಯಿತು. ಉಳಿಯಬಾರದ ಜಾಗದಲ್ಲಿ ಮಾತ್ರ ಪಾಚಿ ಉಳಿಯಿತು. ಅಳಿಯ ತಿನ್ನಲು ಬೇರೇನೂ ಇಲ್ಲದೆ ಗಾಜು ಹತ್ತಿ ಇಳಿಯತೊಡಗಿತು.

"ಇನ್ನೂ ಸ್ವಲ್ಪ ದಿನ ಇಟ್ಕೋ," ಎಂದ ಗಂಡ. "ಬೇರೆ ಗತಿ ಇಲ್ದಿದ್ರೆ ಅಲ್ಲಿಗೂ ಬಾಯಿ ಹಾಕುತ್ತೆ. ಯಾರು ಬಂದು ಕೇಳ್ತಾರೆ?"

"ಅದರ ಹೊಟ್ಟೆ ಒಳಗೆ ಹೋಗಿದೆ, ನೋಡಿ," ಎಂದಳು ಸೊಸೆ. "ನನ್ನ ಹವಳಕ್ಕೋಸ್ಕರ ಅದನ್ನ ಉಪವಾಸ ಕೆಡವಲಾ?"

ಅದೇ ಮಧ್ಯಾಹ್ನ ಬಕೆಟ್ಟು ಮುಂದಿನ ಮನೆಗೆ ಹೋಯಿತು. ಅತ್ತೆಗೆ ಸೊಸೆಯನ್ನು ಬಯ್ಯಬೇಕೆನಿಸಿತು, ಕೈಮುಗಿಯಬೇಕೆಂದೂ ಅನಿಸಿತು. ಎರಡರ ಬದಲು ಟವೆಲ್ ಮಡಚಿದರು.

ಆಮೇಲೆ ಒಂದು ದಿನ ಸೊಸೆ ಗಿರಾಕಿಯೊಬ್ಬಳ ಹುಬ್ಬು ತಿದ್ದುತ್ತಿದ್ದಳು. ಹುಬ್ಬಿನ ಕೂದಲು ಕೀಳುವ ಸಣ್ಣ ಪ್ಲಕ್ಕರ್ ಕೈಯಲ್ಲಿತ್ತು. ಒಂದು ಕೂದಲು ಹಿಡಿದಳು, ಎಳೆದಳು, ಬುಡದ ಬಿಳಿ ಗಂಟಿನ ಸಮೇತ ಬಂತು. ಅದನ್ನು ಬೆಳಕಿಗೆ ಹಿಡಿದು ನೋಡುತ್ತಾ ನಿಂತುಬಿಟ್ಟಳು.

"ಏನ್ರೀ, ನನ್ನ ಹುಬ್ಬಲ್ಲಿ ಬಂಗಾರ ಸಿಕ್ತಾ?" ಎಂದಳು ಗಿರಾಕಿ.

ಮರುದಿನ ಭಾನುವಾರ, ಬಾಗಿಲಲ್ಲಿ ತಲೆಗಳು ಸಾಲು ನಿಲ್ಲುವ ದಿನ. ಸೊಸೆ ಬಾಗಿಲಿಗೆ 'ಇಂದು ಮುಚ್ಚಿದೆ' ಫಲಕ ತಿರುಗಿಸಿದಳು. ಅಗಲದ ಬೇಸಿನ್ನಿಗೆ ತೊಟ್ಟಿಯ ನೀರನ್ನೇ ತುಂಬಿ, ಹವಳವನ್ನು ಕಲ್ಲಿನ ಸಮೇತ ಅದಕ್ಕೆ ಇಳಿಸಿದಳು. ಕೈಗೆ ಗ್ಲೌಸು ಹಾಕಿ, ಯಾರ ಹುಬ್ಬೂ ಕಾಣದ ಹೊಸ ಪ್ಲಕ್ಕರ್ ಹಿಡಿದಳು.

"ಅತ್ತೆ, ಟಾರ್ಚು ಹಿಡೀರಿ. ಅಲ್ಲಾಡಿಸ್ಬೇಡಿ. ಬೆರಳಿಗೆ ಸ್ವಲ್ಪ ತಗುಲಿದ್ರೂ ಹರಿದು ಹೋಗುತ್ತೆ."

"ನನ್ನ ಕೈ ಬಂಡೆ ಕಣೇ," ಎಂದರು ಅತ್ತೆ. ಟಾರ್ಚನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದರು.

ಒಂದು ಎಳೆ. ಬುಡ ಹಿಡಿದು, ಮೆಲ್ಲಗೆ, ಬಂದ ದಿಕ್ಕಿಗೇ ಎಳೆದಳು. ಬಂತು. ಪಕ್ಕದ ಡಬ್ಬಿಗೆ ಹಾಕಿದಳು. ಇನ್ನೊಂದು. ಕವಲು ಕವಲಿನ ನಡುವೆ, ಸೂಜಿ ತೂರದ ಸಂದಿಯಲ್ಲಿ ಪ್ಲಕ್ಕರ್ ತೂರುತ್ತಿತ್ತು. ಒಳಗೆ ಮುದುಡಿಕೊಂಡ ಹವಳದ ಮಾಂಸಕ್ಕೂ ಉಕ್ಕಿನ ತುದಿಗೂ ನಡುವೆ ಒಂದು ಉಸಿರು ಹಿಡಿಯುವಷ್ಟೂ ಜಾಗವಿರಲಿಲ್ಲ. ಮುಟ್ಟಲಿಲ್ಲ ಅವಳು. ಒಮ್ಮೆಯೂ ಮುಟ್ಟಲಿಲ್ಲ. ಆಗಾಗ ಬೇಸಿನ್ನಿನ ನೀರನ್ನು ಮೋರಿಗೆ ಚೆಲ್ಲಿ, ಹೊಸದಾಗಿ ತೊಟ್ಟಿಯ ನೀರು ತುಂಬಿದಳು; ಒಂದು ಚೂರೂ ಮತ್ತೆ ಒಳಗೆ ಹೋಗಬಾರದು. ಹೊರಗೆ ಗಿರಾಕಿಗಳು ಬಾಗಿಲು ಬಡಿದು ಬಡಿದು ಹೋದರು. ಗಂಡ ಊಟ ತಂದಿಟ್ಟ, ಅದು ಆರಿತು. ಅತ್ತೆಯ ಸೊಂಟ ಮುರಿದು ಮೂರು ತುಂಡಾಗಿ ನೆಲಕ್ಕೆ ಬಿತ್ತು. ಸೊಸೆಯ ಕತ್ತು ಬಗ್ಗಿದ್ದು ಬಗ್ಗಿದ ಹಾಗೇ.

ಅತ್ತೆ ಬದುಕಿನಲ್ಲಿ ಏನೇನೋ ಕೈಗಳನ್ನು ನೋಡಿದ್ದರು. ಹೊಡೆಯುವ ಕೈ, ಬಡಿಸುವ ಕೈ, ಕೊಟ್ಟು ಕಿತ್ತುಕೊಳ್ಳುವ ಕೈ. ಇಂಥ ಕೈ ನೋಡಿರಲಿಲ್ಲ. ಇಷ್ಟು ಹಟವೂ ಇಷ್ಟು ಮೆದುತನವೂ ಒಂದೇ ಬೆರಳಲ್ಲಿ ಹೇಗೆ ಕೂತಿವೆ?

"ಲೇ ಹುಡುಗಿ," ಎಂದರು, "ಯಮ ಬಂದು ನನ್ನ ಜೀವ ಕೀಳೋವಾಗ ಆ ಕೆಲಸ ನಿನಗೇ ಕೊಡು ಅಂತೀನಿ. ನೋವೇ ಆಗಲ್ಲ."

"ಟಾರ್ಚು ಅಲ್ಲಾಡ್ತಿದೆ ಅತ್ತೆ," ಎಂದಳು ಸೊಸೆ.

ಬೀದಿ ದೀಪ ಹತ್ತುವ ಹೊತ್ತಿಗೆ ಹವಳ ತೊಟ್ಟಿಗೆ ಮರಳಿತು. ಕವಲುಗಳು ತೊಳೆದ ಹಲ್ಲಿನ ಹಾಗೆ ಬೆಳ್ಳಗಿದ್ದವು. ಬೆರಳು ಮಾತ್ರ ಒಂದೂ ಹೊರಗೆ ಬರಲಿಲ್ಲ.

ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ. ಸೊಸೆ ಈಗ ಚಹಾದ ಲೋಟ ಹಿಡಿದು ಬಾಗಿಲಲ್ಲಿ, ರಸ್ತೆ ನೋಡುತ್ತಾ ನಿಲ್ಲುತ್ತಿದ್ದಳು. ಕುರ್ಚಿ ಮಾರುವವನಿಗೆ ಫೋನು ಮಾಡಿ ಅಳತೆ ಹೇಳಿದ್ದನ್ನು ಅತ್ತೆ ಕೇಳಿಸಿಕೊಂಡರು. ಕೇಳಿಸದವರಂತೆ ಇದ್ದರು. ಸೊಸೆ ಕಾಣದಾಗ ಗಾಜಿಗೆ ಮೂಗು ಹಚ್ಚಿ, "ಏಯ್, ಅಷ್ಟು ಚಾಕರಿ ಮಾಡಿಸ್ಕೊಂಡು ಹೀಗೆ ಮುನಿಸ್ಕೋತೀಯಾ? ನಾಚಿಕೆ ಇಲ್ವಾ?" ಎಂದು ಹವಳವನ್ನು ಬೈದರು.

ವಾರದ ಕೊನೆಯಲ್ಲಿ, ಅಂಗಡಿ ತುಂಬಿದ ಹೊತ್ತು. ಕುರ್ಚಿಯಲ್ಲಿ ಮುದುಕರೊಬ್ಬರು, ಸೊಸೆಯ ಕತ್ತರಿ ಅವರ ಎಡಕಿವಿಯ ಮೇಲೆ ಆಡುತ್ತಿತ್ತು. ಅತ್ತೆ ತಲೆ ಎತ್ತಿದಾಗ ಒಂದು ಕವಲಿನ ತುದಿಯಲ್ಲಿ ಏನೋ ಹಸಿರು ಉಬ್ಬಿದಂತಿತ್ತು. ಪಾಚಿ ಅಂದುಕೊಂಡರು. ಕನ್ನಡಕ ಒರೆಸಿ ನೋಡಿದರು. ಬೆರಳು! ಪಕ್ಕದ ಕವಲಲ್ಲಿ ಇನ್ನೊಂದು. ಅದರ ತುದಿಗೆ ಚಿನ್ನದ ಬೊಟ್ಟು. ಹೆಣ್ಣು ಮೀನು ಹತ್ತಿರ ಬಂದು, ಮೂಗಿನಿಂದ ಒಂದು ಸಲ ಒತ್ತಿ ನೋಡಿ, ಒಳಗೆ ಹೊಕ್ಕಿತು. ಗಂಡು ಹಿಂದೆಯೇ ಹೋಯಿತು.

ಅತ್ತೆ ಕೂಗಲೆಂದು ಸೊಸೆಯತ್ತ ನೋಡಿದರು. ಸೊಸೆಯ ಮುಂದೆ ಕನ್ನಡಿ, ಕನ್ನಡಿಯಲ್ಲಿ ತೊಟ್ಟಿ. ಅವಳು ಆಗಲೇ ಕಂಡಿದ್ದಳು. ಕತ್ತರಿ ನಿಂತಿತ್ತು.

"ಮುಗೀತೇನಮ್ಮ?" ಎಂದರು ಮುದುಕರು.

"ಇಲ್ಲ ಅಜ್ಜ, ಇನ್ನೊಂದು ಕಡೆ ಇದೆ. ತಲೆ ನೇರ ಇಟ್ಕೊಳ್ಳಿ."

ಕತ್ತರಿ ಮತ್ತೆ ನಡೆಯಿತು. ಬಲಗಿವಿಯನ್ನೂ ಎಡಗಿವಿಯಷ್ಟೇ ನಿಧಾನವಾಗಿ, ಅಷ್ಟೇ ಅಚ್ಚುಕಟ್ಟಾಗಿ ಮುಗಿಸಿದಳು. ಕತ್ತಿನ ಮೇಲಿನ ಕೂದಲು ಒರೆಸಿದಳು, ಬಟ್ಟೆ ಝಾಡಿಸಿದಳು, ಅಜ್ಜನ ಕೈ ಹಿಡಿದು ಇಳಿಸಿದಳು. ಆಮೇಲೆ ತೊಟ್ಟಿಯ ಮುಂದೆ ಬಂದು ನಿಂತಳು. ಬೆಂಚಿನವರೆಲ್ಲ ಅತ್ತಲೇ ಕತ್ತು ಚಾಚಿದರು. ಬೊಕ್ಕ ತಲೆಯವರು ಎದ್ದೇ ನಿಂತರು.

ಸೊಸೆ ಬಗ್ಗಿ ಮೇಲಿಂದ ನೋಡಿದಳು, ಪಕ್ಕದಿಂದ ನೋಡಿದಳು. ಅವಳ ಕಣ್ಣಂಚು ಒದ್ದೆಯಾಗಿತ್ತು. ಬಾಯಿ ತೆರೆದಳು.

"ಅತ್ತೆ, ಅಲ್ಲಿ ಹಿಂದೆ ಒಂದೆಳೆ ಉಳಿದುಬಿಟ್ಟಿದೆ. ಆ ಪ್ಲಕ್ಕರ್ ಇತ್ತ ಕೊಡಿ."