ಮುಂದಿನವರ ಕಟ್ಟಿಗೆ

ಹರಿಹರದ ಸ್ಟೇಷನ್ನಿನಿಂದ ಎರಡು ಮೈಲಿ ನಡೆದರೆ ಹೊಳೆಯ ದಂಡೆಯಲ್ಲಿ ಒಂದು ಹುಣಸೆ ತೋಪು. ಸ್ಕೌಟ್ ಹುಡುಗರು ಶಿಬಿರ ಹೂಡುವ ಜಾಗ ಅದು. ಅಲ್ಲಿ ತಂಗುವ ತಂಡಗಳಿಗೂ ಕಾವಲುಗಾರನಿಗೂ ಸೇರಿ ಹದಿನಾಲ್ಕು ನಿಯಮಗಳಿದ್ದವು. ಅವುಗಳಲ್ಲಿ ಹನ್ನೊಂದನ್ನು ಬರೆದವರು ದಾವಣಗೆರೆಯ ಹೈಸ್ಕೂಲೊಂದರ ಡ್ರಿಲ್ ಮೇಷ್ಟ್ರು ಕರಿಬಸವರಾಜ. ಉಳಿದ ಮೂರನ್ನು ಸಮಿತಿಯವರು ಬರೆದ ದಿನ ಮೇಷ್ಟ್ರಿಗೆ ಜ್ವರ ಬಂದಿತ್ತು.

ನಿಯಮಗಳೇನೂ ಕೆಟ್ಟವಲ್ಲ. ಬಂದ ತಂಡವೇ ಪಾಯಿಖಾನೆ ಗುಂಡಿ ತೋಡಬೇಕು, ಹೋಗುವಾಗ ತಾನೇ ಮುಚ್ಚಬೇಕು. ಒಲೆ ಆರಿಸಿ ಬೂದಿಯ ಮೇಲೆ ಮಣ್ಣೆಳೆಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಮುಂದೆ ಬರುವ ತಂಡಕ್ಕೆ ಒಂದು ಹೊತ್ತಿನ ಅಡುಗೆಗಾಗುವಷ್ಟು ಕಟ್ಟಿಗೆ ಒಟ್ಟಿ, ದೊಡ್ಡ ತಾಮ್ರದ ಹಂಡೆಯ ತುಂಬ ನೀರು ಇಟ್ಟು ಹೊರಡಬೇಕು. ಬರುವವರು ಯಾರೋ ಎಂತೋ, ಮುಖ ಕಂಡವರಲ್ಲ. ಆದರೂ ದಣಿದು ಬಂದವರಿಗೆ ಒಲೆ ಹೊತ್ತಬೇಕು. ಈ ನಿಯಮದ ಮೇಲೆ ಮೇಷ್ಟ್ರಿಗೆ ಹೆತ್ತ ಮಗನ ಮೇಲಿನಷ್ಟೇ ಪ್ರೀತಿ. ತಪ್ಪಿದವರ ಮೇಲೆ ಶಿಬಿರದ ರಿಜಿಸ್ಟರಿನಲ್ಲಿ ದೂರು ಬರೆಯಬಹುದಿತ್ತು. ಎರಡು ದೂರು ಬಿದ್ದರೆ ಆ ತಂಡಕ್ಕೆ ಎರಡು ವರ್ಷ ತೋಪಿನಲ್ಲಿ ಜಾಗವಿಲ್ಲ. ಒಂದೇ ಒಂದು ಸುಳ್ಳು ದೂರು ಬರೆದರೂ ಬರೆದವರ ತಂಡಕ್ಕೆ ಅಷ್ಟೇ ಶಿಕ್ಷೆ. ಪುಟಗಳಿಗೆಲ್ಲ ನಂಬರು ಹಾಕಿದ್ದರಿಂದ ಬರೆದದ್ದನ್ನು ಹರಿದು ಹಾಕುವ ಹಾಗೂ ಇರಲಿಲ್ಲ.

೧೯೫೮ರ ಡಿಸೆಂಬರಿನ ಒಂದು ಗುರುವಾರ ಸಂಜೆ ಮೇಷ್ಟ್ರು ಇಪ್ಪತ್ತೆರಡು ಹುಡುಗರನ್ನು ಕರೆದುಕೊಂಡು ತೋಪಿಗೆ ಬಂದರು. ನೋಡಿದರೆ ಕಟ್ಟಿಗೆಯ ಮೂಲೆಯಲ್ಲಿ ಒಂದು ಪುರಳೆಯೂ ಇಲ್ಲ. ಹಂಡೆಯಂತೂ ಇದ್ದ ಜಾಗದಲ್ಲೇ ಇಲ್ಲ. ಕಾವಲುಗಾರ ಉಚ್ಚಂಗೆಪ್ಪನನ್ನು ಕೇಳಿದರೆ, ಮುದುಕ ತಲೆ ಕೆರೆದುಕೊಂಡು "ಗೊತ್ತಿಲ್ರಿ ಮೇಷ್ಟ್ರೆ" ಅಂದ. ಹುಡುಗರು ದಂಡೆಯ ಮೇಲೆಲ್ಲ ಅಲೆದು ಹಸಿ ಜಾಲಿ ಕಡ್ಡಿ ತಂದರು. ಅದು ಹೊಗೆಯಾಡಿತೇ ಹೊರತು ಉರಿಯಲಿಲ್ಲ. ಅನ್ನ ಅರೆಬೆಂದಿತು, ಮೇಷ್ಟ್ರು ಮಾತ್ರ ಪೂರ್ತಿ ಕುದಿದರು.

ಹಿಂದಿನ ದಿನ ಜಾಗ ಬಿಟ್ಟು ಹೋದದ್ದು ಉರ್ದು ಶಾಲೆಯ ಜಮಾಲುದ್ದೀನ್ ಮೇಷ್ಟ್ರ ತಂಡ. ಇಬ್ಬರೂ ಹತ್ತು ವರ್ಷದ ಗೆಳೆಯರು, ಹಬ್ಬಕ್ಕೆ ಒಬ್ಬರ ಮನೆಗೊಬ್ಬರು ಹೋಗಿ ಬರುವವರು. ಜಮಾಲುದ್ದೀನ್ ಮೇಷ್ಟ್ರ ತಂಡದ ಮೇಲೆ ಹೋದ ವರ್ಷವೇ ಗುಂಡಿ ಮುಚ್ಚದ ದೂರು ಒಂದು ಇತ್ತು. ಇದು ಎರಡನೆಯದಾಗುತ್ತದೆ ಎಂದು ಕರಿಬಸವರಾಜ ಮೇಷ್ಟ್ರಿಗೆ ಗೊತ್ತಿತ್ತು. ಗೆಳೆತನ ಬೇರೆ, ನಿಯಮ ಬೇರೆ ಅಂದುಕೊಂಡರು. ಲಾಟೀನು ತರಿಸಿ, 'ಕಟ್ಟಿಗೆ ಇಟ್ಟಿಲ್ಲ, ನೀರು ಇಟ್ಟಿಲ್ಲ, ಹಂಡೆಯೂ ಕಾಣೆಯಾಗಿದೆ' ಎಂದು ದುಂಡು ಅಕ್ಷರದಲ್ಲಿ ಬರೆದು ಸಹಿ ಹಾಕಿದರು. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂಬ ಗಾದೆಯನ್ನು ಹುಡುಗರಿಗೆ ಕಾಪಿ ಬರೆಸಿದ ಮನುಷ್ಯನೇ ಅವರು.

ಶುಕ್ರವಾರವೆಲ್ಲ ಸುಸೂತ್ರವಾಗಿ ಕಳೆಯಿತು. ಕವಾಯತು, ಗಂಟು ಹಾಕುವ ಪಾಠ, ಹೊಳೆಯಲ್ಲಿ ಜೋಡಿ ಜೋಡಿಯಾಗಿ ಸ್ನಾನ. ಶನಿವಾರ ಮಧ್ಯಾಹ್ನ ಮೇಷ್ಟ್ರು ಹಂಡೆ ಹುಡುಕಲೇಬೇಕೆಂದು ಒಬ್ಬರೇ ಹೊರಟರು. ತೋಪಿನ ಆ ತುದಿಯಲ್ಲಿ ಗುದ್ದಲಿ, ಹಗ್ಗ, ಡೇರೆಯ ಗೂಟ ಇಡುವ ಸಾಮಾನು ಕೋಣೆ. ಅದರ ಹೆಂಚಿನ ಸಂದಿಯಿಂದ ಹೊಗೆ ಬರುತ್ತಿತ್ತು. ಕಟ್ಟಿಗೆ ಕಳ್ಳ ಸಿಕ್ಕಿಬಿದ್ದ ಎಂದು ಸಂತೋಷದಿಂದಲೇ ದಾಪುಗಾಲು ಹಾಕಿದರು.

ಬಾಗಿಲ ಹತ್ತಿರ ಬಂದಾಗ ಅವರ ಕಾಲು ತಾನಾಗಿಯೇ ನಿಂತಿತು. ಆ ಹೊಗೆಯಲ್ಲಿ ಓಂಕಾಳು, ಬೆಳ್ಳುಳ್ಳಿ ಸಿಪ್ಪೆ, ಸಾಂಬ್ರಾಣಿಯ ವಾಸನೆ ಇತ್ತು. ನಾಲ್ಕು ಮಕ್ಕಳ ತಂದೆಗೆ ಆ ವಾಸನೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಎಳೆಗೂಸೊಂದು ಸಣ್ಣಗೆ ಅತ್ತಿತು. ಅರೆತೆರೆದ ಬಾಗಿಲಿನಲ್ಲಿ ಕಂಡದ್ದಿಷ್ಟು: ಮೂರು ಕಲ್ಲಿನ ಮೇಲೆ ಅದೇ ತಾಮ್ರದ ಹಂಡೆ, ಅದರ ಕೆಳಗೆ ನಿಗಿನಿಗಿ ಕೆಂಡ, ಗೋಡೆಗೆ ಒಟ್ಟಿದ ಒಣ ಕಟ್ಟಿಗೆ. ಬಾಣಂತಿಯ ಕೋಣೆಯ ಮುಂದೆ ನಿಂತಿದ್ದೇನೆ ಎಂದು ಅರಿವಾಗಿ ಮೇಷ್ಟ್ರು ಮುಖ ತಿರುಗಿಸಿದರು. ತಿರುಗಿದರೆ ಎದುರಿಗೆ ಉಚ್ಚಂಗೆಪ್ಪ.

"ಮಗಳ್ರಿ, ಮೈಲಮ್ಮ," ಅಂದ ಮುದುಕ. "ಚೊಚ್ಚಲು. ಹೆರಿಗಿಗೆ ಅಂತ ನಮ್ಮೂರು ನಂದಿಗುಡಿಗೆ ಕರ್ಕೊಂಡು ಹೊಂಟಿದ್ದೆ. ಬಸ್ಸಿಗೆ ಹೋಗೋಕೆ ಮುಂಚೆ ಇಲ್ಲೇ ಬ್ಯಾನಿ ಸುರುವಾತು. ಹಡೆದು ಎಂಟು ದಿನ ಆತ್ರಿ. ಅವ್ವ ಇಲ್ಲದ ಹುಡುಗಿ. ಹಸಿ ಬಾಣಂತೀನ ಬಸ್ಸಿನಾಗ ಹೆಂಗೆ ಕರ್ಕೊಂಡು ಹೋಗ್ಲಿ?"

"ಈ ಕಟ್ಟಿಗೆ?"

"ಜಮಾಲ್ ಮೇಷ್ಟ್ರು ಕೊಟ್ಟು ಹೋದ್ರು. ಮುಂದೆ ಬರೋರಿಗೆ ಅಂತ ಅವರ ಹುಡುಗ್ರು ಒಟ್ಟಿದ್ರು. ಮೊದ್ಲು ಇದನ್ನ ಬಾಣಂತಿಗೆ ಉರಿಸು, ಹಂಡೇನೂ ಇಟ್ಕೊ ಅಂದ್ರು. ಹರಿಹರದಿಂದ ಸೂಲಗಿತ್ತಿ ಖತೀಜಾಬೀನ ಅವ್ರೇ ಕರ್ಕೊಂಡು ಬಂದ್ರು. ಆಕಿ ದಿನಾ ಬಂದು ಎರೆದು ಹೋಗ್ತಾಳೆ."

"ಹಂಗಂತ ಒಂದು ಸಾಲು ಬರೆದಿಟ್ಟು ಹೋಗಬೇಕಿತ್ತಪ್ಪ ಅವ್ರು."

"ಬರೆದ್ರೆ ನನ್ನ ಕೆಲಸ ಹೋಗ್ತಿತ್ತಲ್ರಿ. ಹೊರಗಿನೋರನ್ನ ತೋಪಿನಾಗ ಉಳಿಸ್ಕೊಂಡ ಕಾವಲುಗಾರನ್ನ ತೆಗೀಬೇಕು ಅಂತ ನಿಯಮ ಐತೆ. ನಮ್ ಮ್ಯಾಲೆ ದೂರು ಬಂದ್ರೆ ಬರ್ಲಿ, ನೀ ಸುಮ್ನಿರು ಅಂದ್ರು."

ಆ ನಿಯಮವೂ ಮೇಷ್ಟ್ರು ಬರೆದ ಹನ್ನೊಂದರಲ್ಲಿ ಒಂದು. ಅವರು ಹೊಳೆಯ ಕಡೆ ನಡೆದು ಒಂದು ಬಂಡೆಯ ಮೇಲೆ ಕೂತರು. ನಿಜ ಬರೆದರೆ ಜಮಾಲುದ್ದೀನನ ತಂಡ ಉಳಿಯುತ್ತದೆ, ಮುದುಕ ಬೀದಿಗೆ ಬೀಳುತ್ತಾನೆ, ಎಂಟು ದಿನದ ಕೂಸು ಚಳಿಗೆ ಬೀಳುತ್ತದೆ. ಸುಮ್ಮನಿದ್ದರೆ ಒಳ್ಳೆಯದು ಮಾಡಿದ ಹುಡುಗರಿಗೆ ಎರಡು ವರ್ಷ ಬಾಗಿಲು ಮುಚ್ಚುತ್ತದೆ. ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಮರುದಿನ ಬೆಳಗಿನ ಗಾಡಿಗೆ ಸಮಿತಿಯ ಕಾರ್ಯದರ್ಶಿ ಬೊಮ್ಮಣ್ಣನವರು ರಿಜಿಸ್ಟರು ನೋಡಲು ಬರುವವರಿದ್ದರು. ಹೊತ್ತು ಇಳಿಯುವವರೆಗೆ ಮೇಷ್ಟ್ರು ಅಲ್ಲೇ ಕೂತಿದ್ದರು. ಮೂರನೆಯ ದಾರಿಯೊಂದು ಅವರಿಗೆ ಕೂತ ಕೂಡಲೇ ಹೊಳೆದಿತ್ತು. ಅದನ್ನು ಒಪ್ಪಿಕೊಳ್ಳಲು ಮಾತ್ರ ಅಷ್ಟು ಹೊತ್ತು ಬೇಕಾಯಿತು.

ಭಾನುವಾರ ಬೆಳಿಗ್ಗೆ ಬೊಮ್ಮಣ್ಣ ಬಂದು, ಕಟ್ಟಿಗೆಯ ಒಟ್ಟಿಲು ನೋಡಿ, ಬೆಳಗಾಗುವ ಮುಂಚೆ ಉಚ್ಚಂಗೆಪ್ಪ ಜಾಗಕ್ಕೆ ತಂದಿಟ್ಟಿದ್ದ ಹಂಡೆ ನೋಡಿ, ಮುಚ್ಚಿದ ಗುಂಡಿ ನೋಡಿ ಮೆಚ್ಚಿದರು. ಮೂಗರಳಿಸಿ, "ಇದೇನ್ರಿ, ಓಂಕಾಳಿನ ವಾಸ್ನಿ?" ಅಂದರು.

"ಹುಡುಗ್ರಿಗೆ ನೆಗಡಿ. ಹೊಗೆ ಹಾಕಿಸಿದ್ದೆ," ಅಂದರು ಮೇಷ್ಟ್ರು. ಇಪ್ಪತ್ತು ವರ್ಷದ ಸ್ಕೌಟ್ ಜೀವನದಲ್ಲಿ ಅವರು ಹೇಳಿದ ಮೊದಲ ಸುಳ್ಳು ಅದು. ಬರೆದ ಮೊದಲ ಸುಳ್ಳು ಆಗಲೇ ರಿಜಿಸ್ಟರಿನಲ್ಲಿತ್ತು. ಗುರುವಾರದ ದೂರಿನ ಕೆಳಗೆ ಅವರು ಹೀಗೆ ಬರೆದಿದ್ದರು: 'ಹಿಂದಿನ ತಂಡದವರು ಕಟ್ಟಿಗೆಯನ್ನೂ ಹಂಡೆಯ ತುಂಬ ನೀರನ್ನೂ ಕ್ರಮವಾಗಿ ಇಟ್ಟು ಹೋಗಿದ್ದರು. ಅದನ್ನು ಬಳಸಿಕೊಂಡು ಸುಳ್ಳು ದೂರು ಬರೆದವನು ನಾನು.'

ಬೊಮ್ಮಣ್ಣ ಎರಡು ಸಲ ಓದಿದರು. "ಏನ್ ಮೇಷ್ಟ್ರೆ ಇದು. ನೀವೇ ಮಾಡಿದ ನಿಯಮ. ನಿಮ್ಮ ತಂಡಕ್ಕೆ ಎರಡು ವರ್ಷ ಜಾಗ ಇರಂಗಿಲ್ಲ."

"ಗೊತ್ತೈತ್ರಿ. ಸಹಿ ಹಾಕ್ರಿ."

"ಮಾಡಿದ್ದುಣ್ಣೋ ಮಹಾರಾಯ," ಎಂದು ಗೊಣಗಿ ಬೊಮ್ಮಣ್ಣ ಸಹಿ ಹಾಕಿದರು. ಅವರ ಕಣ್ಣಿನಲ್ಲಿ ಮೇಷ್ಟ್ರ ಬಗ್ಗೆ ಇದ್ದ ಗೌರವ ಇಳಿದದ್ದು ಮೇಷ್ಟ್ರಿಗೆ ಚೆನ್ನಾಗಿಯೇ ಕಂಡಿತು. ಅದರಿಂದ ನೋವಾಯಿತು. ಆದರೂ ಒಂದು ಒಳ್ಳೆಯ ಕೆಲಸ ಮಾಡಿದೆ ಎಂಬ ಸಣ್ಣ ಹೆಮ್ಮೆಯೂ ಒಳಗೆ ಇತ್ತು.

ಉಳಿದದ್ದು ಹುಡುಗರಿಗೆ ಹೇಳುವ ಕೆಲಸ. ಅವರಲ್ಲಿ ಬಹಳ ಜನ ಎರಡು ವರ್ಷದೊಳಗೆ ಶಾಲೆ ಮುಗಿಸಿ ಹೋಗುವವರು, ಇನ್ನೊಂದು ಶಿಬಿರ ಕಾಣುವವರಲ್ಲ. ಸ್ಟೇಷನ್ನಿನ ದಾರಿಯಲ್ಲಿ, ಪಾತ್ರೆ, ಡೇರೆಗಳನ್ನು ಹೊತ್ತು ಸಾಲಾಗಿ ನಡೆಯುತ್ತಿದ್ದವರನ್ನು ಮೇಷ್ಟ್ರು ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದರು.

"ನಾನು ರಿಜಿಸ್ಟರಿನಾಗ ತಪ್ಪು ಬರೆದೆ. ಅದಕ್ಕೆ ನಮ್ಮ ತಂಡಕ್ಕೆ ಎರಡು ವರ್ಷ ತೋಪು ಇಲ್ಲ. ತಪ್ಪು ನಂದು, ಶಿಕ್ಷೆ ನಿಮಗೂ ಬಿತ್ತು. ಯಾಕ, ಏನು ಅಂತ ಮಾತ್ರ ಕೇಳಬ್ಯಾಡ್ರಪ್ಪ."

ತಂಡದ ನಾಯಕ ಚಾಂದ್ ಪಾಷಾ ತಲೆಯ ಮೇಲಿನ ಪಾತ್ರೆಯನ್ನು ಕೆಳಗಿಟ್ಟ.

"ನಮಗೆ ಗೊತ್ತೈತೆ ಸಾರ್. ಶುಕ್ರವಾರದಿಂದ ಆ ಕ್ವಾಣಿಗೆ ನೀರು ಹೊತ್ತಾಕಿದ್ದು ನಾವೇ. ಕಟ್ಟಿಗೀನೂ ಸರದಿ ಮ್ಯಾಲೆ ಕೊಟ್ವಿ."

ಮೇಷ್ಟ್ರು ಹುಡುಗರ ಮುಖಗಳನ್ನು ಒಂದೊಂದಾಗಿ ನೋಡಿದರು. "ಎಲ್ಲರಿಗೂ ಗೊತ್ತಿತ್ತಾ?"

"ಎಲ್ರಿಗೂ ಸಾರ್."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

ಹುಡುಗ ಗುರುಗಳಿಗೆ ಬೇಸರವಾಗದ ಹಾಗೆ ಹೇಳುವ ದಾರಿ ಹುಡುಕಿದ, ಸಿಗಲಿಲ್ಲವೆಂದು ತೋರುತ್ತದೆ.

"ಹೇಳಿದ್ರೆ ನೀವು ಅದನ್ನೂ ಬರೀತಿದ್ರಿ, ಸಾರ್."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೌದು, ಬರೆಯುತ್ತಿದ್ದೆ ಎಂದು ಕರಿಬಸವರಾಜ ಮೇಷ್ಟ್ರಿಗೆ ಖಚಿತವಾಗಿ ಗೊತ್ತಿತ್ತು. ಬೆಳಿಗ್ಗೆಯಿಂದ ಒಳಗಿದ್ದ ಆ ಸಣ್ಣ ಹೆಮ್ಮೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಗಾಡಿಗೆ ಹೊತ್ತಾಗುತ್ತಿತ್ತು. ಅವರು ಬಗ್ಗಿ ಚಾಂದ್ ಪಾಷಾ ಇಳಿಸಿದ ಪಾತ್ರೆಯನ್ನು ತಾವೇ ಹೊತ್ತುಕೊಂಡು, ಸಾಲಿನ ಮುಂದೆ ಅಲ್ಲ, ಹಿಂದೆ ನಡೆಯತೊಡಗಿದರು.