ಹಾರಿತೊನ್‌ನ ಪೀಪಾಯಿ

ಸಾವಾ ಪೀಪಾಯಿಯ ನಲ್ಲಿಗೆ ಬಿಳಿ ಟೇಪನ್ನು ಮೂರನೆಯ ಸುತ್ತು ಸುತ್ತುವಾಗ ಅಗ್ಲಾಯಾ ಅವನ ಬೆನ್ನ ಹಿಂದೆಯೇ ಸೌಟು ಹಿಡಿದು ನಿಂತಿದ್ದಳು. ಸೌಟಿನಿಂದ ಸಾರು ಊರಿನ ಸಮುದಾಯ ಭವನದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಮಗುವಿನ ಗಾಯಕ್ಕೆ ಬಟ್ಟೆ ಕಟ್ಟುವವನ ಹಾಗೆ ಅವನು ಎಲ್ಲೂ ಸುಕ್ಕಾಗದಂತೆ ಟೇಪು ಸುತ್ತುತ್ತಿದ್ದ. ಆ ಅಚ್ಚುಕಟ್ಟುತನ ನೋಡಿಯೇ ಅವಳ ಮೈ ಉರಿಯುತ್ತಿತ್ತು.

"ಯಾರೂ ಇದನ್ನ ಮುಟ್ಟೋದು ಬೇಡ ಅಕ್ಕ," ಅಂದ ಸಾವಾ, ಟೇಪಿನ ತುದಿಗೆ ಅಬಕಾರಿ ಇಲಾಖೆಯ ಮೊಹರು ಒತ್ತುತ್ತ. "ನಾಳೆ ಬೆಳಿಗ್ಗೆ ನಾನೇ ಬಂದು ಬಿಚ್ಚಿಕೊಡ್ತೀನಿ. ಕೇಸು ಗೀಸು ಏನೂ ಹಾಕಲ್ಲ. ನಿಮ್ಮ ಮುಖ ನೋಡಿ ಬಿಡ್ತಿದೀನಿ."

ನಾಳೆ ಬಿಚ್ಚಿದರೆ ಯಾರಿಗೆ ಬೇಕಾಗಿತ್ತು? ಹಾರಿತೊನ್ ಸತ್ತು ಇವತ್ತಿಗೆ ಸರಿಯಾಗಿ ವರ್ಷ. ಬೆಳಿಗ್ಗೆ ಗೋರಿಯ ಹತ್ತಿರ ಪಾದ್ರಿ ಧೂಪ ಹಾಕಿ, ಹೆಸರು ಹಿಡಿದು ಪ್ರಾರ್ಥಿಸಿ ಆಗಿತ್ತು. ಊರಿನವರು ಚಪ್ಪಲಿಯ ಕೆಸರು ಕೆರೆದುಕೊಂಡು ಭವನದೊಳಗೆ ಬಂದು ಉದ್ದನೆಯ ಮೇಜುಗಳ ಎರಡೂ ಕಡೆ ಕೂತಿದ್ದರು. ವರ್ಷದ ಊಟ ಆ ದಿನವೇ ಆಗಬೇಕು. ಸತ್ತವನ ಹೆಸರಲ್ಲಿ ಕೊಡುವುದನ್ನು ಆ ದಿನವೇ ಕೊಡಬೇಕು.

ಪೀಪಾಯಿಯಲ್ಲಿದ್ದದ್ದು ಹಾರಿತೊನ್ ಮಾಡಿದ ಕೊನೆಯ ವೈನ್. ಹೊಟ್ಟೆಯೊಳಗೆ ಗಡ್ಡೆಯಿಟ್ಟುಕೊಂಡೇ ಅವನು ಹೋದ ವರ್ಷ ಸೆಪ್ಟೆಂಬರಿನಲ್ಲಿ ದ್ರಾಕ್ಷಿ ಕಿತ್ತಿದ್ದ. ಎರಡು ಸಾಲು ಕೀಳುವುದು, ಬಕೆಟ್ಟು ಬೋರಲು ಹಾಕಿ ಕೂರುವುದು, ಮತ್ತೆ ಎರಡು ಸಾಲು. ರಸ ಹುದುಗುವುದು ನಿಲ್ಲುವ ಮೊದಲೇ ಅವನು ಹೋಗಿಬಿಟ್ಟ. ರುಚಿಯನ್ನೂ ನೋಡಲಿಲ್ಲ. ಹೋಗುವ ಮುಂಚೆ ಹೆಂಡತಿ ಪ್ರೊಫೀರಾಳಿಗೆ ಹೇಳಿದ್ದು ಒಂದೇ ಮಾತು: ನನ್ನ ವರ್ಷದ ದಿನ ಇದನ್ನು ಕೊಡು, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ. ಪ್ರೊಫೀರಾ ಆ ಪೀಪಾಯಿಯನ್ನು ವರ್ಷವಿಡೀ ಹಾಗೇ ಕಾಯ್ದಳು. ಕ್ರಿಸ್‌ಮಸ್‌ಗೂ ಒಂದು ಲೋಟ ಇಳಿಸಲಿಲ್ಲ.

ಈಗ ಅವಳು ಊರುಗೋಲನ್ನು ಎರಡು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಮೇಜಿನ ತುದಿಯಲ್ಲಿ ಕೂತಿದ್ದಳು. ಜನವರಿಯಲ್ಲಿ ಬಾವಿಕಟ್ಟೆಯ ಹಿಮದ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡವಳು, ಒಲೆಯ ಮುಂದೆ ನಿಲ್ಲಲು ಇನ್ನೂ ಆಗುತ್ತಿರಲಿಲ್ಲ. ಹಾಗೆಂದೇ ಅಗ್ಲಾಯಾ, ಭವನ ಹಿಡಿಯುವುದರಿಂದ ಹಿಡಿದು ತಟ್ಟೆ ತೊಳೆಯುವವರೆಗೆ ಎಲ್ಲ ತನಗೆ ಬಿಡು ಎಂದಿದ್ದಳು. ಅಗ್ಲಾಯಾಳ ಮಗನನ್ನು ಜ್ಞಾನಸ್ನಾನದ ನೀರಿನಿಂದ ಎತ್ತಿಕೊಂಡ ಧರ್ಮತಾಯಿ ಪ್ರೊಫೀರಾ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕುಮಾತ್ರಾ ಎಂದೇ ಕರೆಯುವುದು. ಅಂಥ ನಂಟಿಗೆ ಒಂದು ಊಟ ಬಡಿಸುವುದು ಯಾವ ದೊಡ್ಡ ಮಾತು ಎಂದುಕೊಂಡಿದ್ದಳು ಅಗ್ಲಾಯಾ.

ದೊಡ್ಡ ಮಾತಾದದ್ದು ಅವಳ ಪರವಾನಗಿಯಿಂದ. ಅವಳದು ಪೇಟೆಯಲ್ಲಿ ಸಣ್ಣ ಅಡುಗೆಮನೆ, ಒಂದು ವ್ಯಾನು, ನಾಲ್ಕು ಜನ ಹೆಂಗಸರು. ಮದುವೆ, ನಾಮಕರಣ, ತಿಥಿ, ಎಲ್ಲಿ ಕರೆದರೆ ಅಲ್ಲಿಗೆ ಹೋಗಿ ಊಟ ಬಡಿಸಬಹುದು. ಊಟದ ಜೊತೆ ಕುಡಿಯಲು ಕೊಡಬೇಕಾದರೆ ಬೇರೆ ಪರವಾನಗಿ ಬೇಕು. ಅದಕ್ಕಾಗಿ ಅವಳು ಎರಡು ವರ್ಷ ಕಚೇರಿಯ ಮೆಟ್ಟಿಲು ಸವೆಸಿದ್ದಳು. ಪರವಾನಗಿ ಇದ್ದರೂ ಪ್ರತಿ ಊಟಕ್ಕೂ ಮೂರು ದಿನ ಮುಂಚೆ ಅರ್ಜಿ ತುಂಬಬೇಕು: ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಜನ, ಯಾವ ಯಾವ ಬಾಟಲಿ. ಬಾಟಲಿಗೆ ಸರ್ಕಾರದ ಚೀಟಿ ಅಂಟಿರಲೇಬೇಕು. ಪರವಾನಗಿಯನ್ನು ಬಂದವರಿಗೆಲ್ಲ ಕಾಣುವಂತೆ ಗೋಡೆಗೆ ತೂಗುಹಾಕಬೇಕು. ಭವನದ ಆ ಗೋಡೆಯಲ್ಲಿ ಇದ್ದದ್ದೇ ಎರಡು ಮೊಳೆ. ಒಂದಕ್ಕೆ ಹಾರಿತೊನ್‌ನ ಫೋಟೊ, ಇನ್ನೊಂದಕ್ಕೆ ಕಟ್ಟು ಹಾಕಿಸಿದ ಪರವಾನಗಿ. ಕಣ್ಣು ಮಂಜಾದ ಮುದುಕಿಯರು ಎರಡಕ್ಕೂ ಶಿಲುಬೆ ಗುರುತು ಮಾಡಿ ಒಳಗೆ ಬಂದಿದ್ದರು.

ಅರ್ಜಿಯಲ್ಲಿ ಏಳನೆಯ ಸಾಲು, ಮನೆಯವರು ತರುವ ಪಾನೀಯ ಯಾವುದು ಎಂದು. ಎಲ್ಲರೂ ಅಲ್ಲಿ ಒಂದು ಗೆರೆ ಎಳೆದು ಬಿಡುತ್ತಾರೆ. ಮನೆಯಿಂದ ಬಂದದ್ದನ್ನು ಜಗ್ಗಿಗೆ ಸುರಿದು ಮೇಜಿನ ಮೇಲಿಟ್ಟರೆ ಹಣ್ಣಿನ ರಸವೋ ಇನ್ನೇನೋ ಯಾರು ಮೂಸುತ್ತಾರೆ? ಅಗ್ಲಾಯಾಳೂ ಹತ್ತಾರು ಮದುವೆಗಳಲ್ಲಿ ಗೆರೆ ಎಳೆದವಳೇ. ಈ ಸಲ ಪೆನ್ನು ಹಿಡಿದು ತುಂಬಾ ಹೊತ್ತು ಕೂತಳು. ಸತ್ತವನ ಆತ್ಮಕ್ಕೆಂದು ಕೊಡುವ ವೈನಿನ ಮೇಲೆ ಸುಳ್ಳು ಬರೆದರೆ ಅದು ಅವನಿಗೆ ಮುಟ್ಟುತ್ತದೆಯೇ? ಕೊನೆಗೆ ದುಂಡಗಿನ ಅಕ್ಷರದಲ್ಲಿ ಬರೆದಳು: ಒಂದು ಪೀಪಾಯಿ, ಮನೆಯಲ್ಲಿ ಮಾಡಿದ್ದು, ತೀರಿಕೊಂಡವರದು.

ಬರೆದದ್ದನ್ನು ಓದಿಯೇ ಸಾವಾ ಬಂದಿದ್ದ. ಮೋಸ ಮಾಡಿದಾಗ ಒಂದು ನೊಣವೂ ಬಂದಿರಲಿಲ್ಲ. ನಿಜ ಬರೆದದ್ದಕ್ಕೆ ಮೊಹರು ಹಿಡಿದು ಊಟದ ಹೊತ್ತಿಗೆ ಸರಿಯಾಗಿ ಇವನು ಬಂದಿದ್ದ. ಇದನ್ನು ನೆನೆದಷ್ಟೂ ಅಗ್ಲಾಯಾಳಿಗೆ ಅವನ ಮೇಲೆ ಸಿಟ್ಟು, ಇಲಾಖೆಯ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ದುಂಡಗಿನ ಅಕ್ಷರದ ಮೇಲೆ ಸಿಟ್ಟು.

ಸಾವಾ ದೂರದವನೇನಲ್ಲ. ಅವನ ಊರು ಎರಡು ಗುಡ್ಡದಾಚೆ. ಮೋಲ್ಡೋವಾದ ಆ ಕಡೆ ನೆಲಮಾಳಿಗೆಯಲ್ಲಿ ಪೀಪಾಯಿ ಇಲ್ಲದ ಮನೆಯೆಂದರೆ ಒಲೆಯಿಲ್ಲದ ಮನೆಯಿದ್ದ ಹಾಗೆ. ಅವನ ಅಪ್ಪನ ನೆಲಮಾಳಿಗೆಯಲ್ಲಿ ಮೂರಿವೆ ಎಂಬುದು ಎರಡೂ ಊರಿಗೆ ಗೊತ್ತಿತ್ತು. ಅಗ್ಲಾಯಾ ಅದನ್ನು ಅವನ ಮುಖಕ್ಕೇ ಹೇಳಿದಳು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಮನೆಯಲ್ಲಿ ಕುಡಿಯುವುದು ಬೇರೆ, ಪರವಾನಗಿಯವರು ಬಡಿಸುವ ಜಾಗ ಬೇರೆ ಎಂದು ಶಾಲೆಯ ಮೇಷ್ಟರಂತೆ ವಿವರಿಸಿದ. ವಸಂತದಲ್ಲಿ ಒಂದು ಮದುವೆಯಲ್ಲಿ ಹೆಣ್ಣಿನ ಸೋದರಮಾವ ಮೇಜಿನಡಿ ಬಾಟಲಿ ಬಚ್ಚಿಟ್ಟದ್ದಕ್ಕೆ ಅಗ್ಲಾಯಾಳಿಗೆ ಆಗಲೇ ಒಂದು ನೋಟಿಸು ಬಂದಿದೆ, ಇನ್ನೊಂದು ಬಂದರೆ ಪರವಾನಗಿಯೇ ಹೋಗುತ್ತದೆ, ಆದ್ದರಿಂದ ತಾನು ಮಾಡುತ್ತಿರುವುದು ಅವಳಿಗೆ ಉಪಕಾರವೇ ಎಂದ.

"ನಿಮ್ಮ ವ್ಯಾನಲ್ಲಿ ಚೀಟಿ ಅಂಟಿಸಿದ ಬಾಟ್ಲಿ ಹನ್ನೆರಡಿದೆಯಲ್ಲ ಅಕ್ಕ, ಅದನ್ನೇ ಕೊಡಿ," ಅಂದ ಕೊನೆಗೆ, ದನಿ ತಗ್ಗಿಸಿ. "ಒಳ್ಳೇ ವೈನೇ ಅದೂ. ಸತ್ತೋರಿಗೆ ಏನು ಗೊತ್ತಾಗತ್ತೆ?"

ದನಿ ತಗ್ಗಿಸಿದ್ದು ಸಾಕಾಗಲಿಲ್ಲ. ಮೇಜಿನ ತುದಿಯಲ್ಲಿದ್ದ ಪ್ರೊಫೀರಾಳಿಗೆ ಕೇಳಿಸಿತು. ಅವಳು ಮುಂದೆ ಸಾಲಾಗಿ ಜೋಡಿಸಿದ್ದ ಖಾಲಿ ಕಪ್ಪುಗಳಲ್ಲಿ ಒಂದನ್ನು ಎತ್ತಿ, ಸೆರಗಿನಂತೆ ಇಳಿಬಿದ್ದಿದ್ದ ತಲೆವಸ್ತ್ರದ ತುದಿಯಿಂದ ಒರೆಸಿ, ಮತ್ತೆ ಇದ್ದಲ್ಲೇ ಇಟ್ಟಳು. ಇನ್ನೊಂದನ್ನು ಎತ್ತಿದಳು. ಪ್ರತಿ ಕಪ್ಪಿನ ಪಕ್ಕದಲ್ಲೂ ಒಂದು ಕೊಲಾಕ್, ಹೆಣೆದು ಬೇಯಿಸಿದ ರೊಟ್ಟಿ, ಅದರ ನಡುವೆ ಚುಚ್ಚಿದ ಮೇಣದ ಬತ್ತಿ. ನಲವತ್ತು ಕಪ್ಪುಗಳೂ ಸ್ವಚ್ಛವಾಗಿಯೇ ಇದ್ದವು. ಅವಳು ಒಂದೊಂದನ್ನೇ ಒರೆಸುತ್ತ ಹೋದಳು.

ಅಗ್ಲಾಯಾ ಸೌಟನ್ನು ಪೀಪಾಯಿಯ ಮೇಲೆ ಇಟ್ಟಳು. ಇಟ್ಟ ಸದ್ದಿಗೆ ಮಾತಾಡುತ್ತಿದ್ದವರೆಲ್ಲ ತಿರುಗಿದರು.

"ಒಂದು ಹೇಳಿ ಸಾಹೇಬ್ರೆ. ಇವತ್ತು ನಾನು ಇಲ್ಲಿಗೆ ಬರದೇ ಇದ್ದಿದ್ರೆ?"

"ಅಂದ್ರೆ?"

"ಈ ಊರಿನ ಹೆಂಗಸರೇ ಒಂದೊಂದು ಪಾತ್ರೆ ತಂದಿಟ್ಟು ಬಡಿಸಿದ್ರೆ, ಆಗ ಈ ಪೀಪಾಯಿ?"

ಸಾವಾ ಟೇಪಿನ ಉರುಳೆಯನ್ನು ಚೀಲಕ್ಕೆ ಹಾಕುತ್ತ ಯೋಚಿಸಿದ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವ ಹುಡುಗ ಅವನು, ಶಾಲೆಯಲ್ಲೂ ಹಾಗೇ ಇದ್ದಿರಬೇಕು. "ಆಗ ಅದು ಮನೆ ಊಟ. ನಮಗೆ ಸಂಬಂಧ ಇಲ್ಲ."

ಭವನದಲ್ಲಿ ಯಾರೋ ಕೆಮ್ಮಿದರು. ಅಗ್ಲಾಯಾ ನಲ್ಲಿಗೆ ಸುತ್ತಿದ ಟೇಪನ್ನು ನೋಡಿದಳು. ತಾನು ಕೈ ಹಾಕದೇ ಇದ್ದಿದ್ದರೆ ಎಲ್ಲ ಸರಿಯಿರುತ್ತಿತ್ತು. ಕುಮಾತ್ರಾಳ ಸೊಂಟ ನೋಯದಿರಲಿ ಎಂದು ಬಂದವಳು ಅವಳ ಗಂಡನ ಕೊನೆಯ ಮಾತಿಗೇ ಟೇಪು ಸುತ್ತಿಸಿ ಕೂತಿದ್ದಳು.

ಹಾಗಾದರೆ ತಾನು ಹೊರಟೆ, ಇದು ತನ್ನ ಊಟವಲ್ಲ ಎಂದಳು. ಹಾಗೆಲ್ಲ ಬರುವುದಿಲ್ಲ ಎಂದ ಸಾವಾ. ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಬೇಕಾದರೆ ಒಂದು ದಿನ ಮುಂಚೆ ಬರೆದು ಕೊಡಬೇಕಿತ್ತು. "ಲೈಸೆನ್ಸು ನಿಮ್ಮ ಹತ್ರ ಇರೋ ತನಕ ಇದು ನಿಮ್ಮ ಊಟವೇ ಅಕ್ಕ."

"ಇರೋ ತನಕ," ಅಂದಳು ಅಗ್ಲಾಯಾ.

ಅವಳು ಗೋಡೆಯ ಹತ್ತಿರ ಹೋಗಿ ಪರವಾನಗಿಯ ಚೌಕಟ್ಟನ್ನು ಮೊಳೆಯಿಂದ ಎತ್ತಿದಳು. ಅಡುಗೆಕೋಣೆಯ ಬಾಗಿಲಲ್ಲಿ ಅವಳ ನಾಲ್ಕು ಜನ ಹೆಂಗಸರೂ ಬಂದು ನಿಂತಿದ್ದರು. ಅವರ ಕಡೆ ಅವಳು ನೋಡಲಿಲ್ಲ. ನೋಡಿದ್ದರೆ ಕೈ ನಿಲ್ಲುತ್ತಿತ್ತು, ಅದು ಅವಳಿಗೂ ಗೊತ್ತಿತ್ತು. ಚೌಕಟ್ಟಿನ ಹಿಂದಿನ ಮೊಳೆಗಳನ್ನು ಚಾಕುವಿನಿಂದ ಕಿತ್ತು, ಕಾಗದ ಹೊರಗೆಳೆದು, ಸಾವಾನ ಜೇಬಿನಿಂದ ಅವನದೇ ಪೆನ್ನು ತೆಗೆದುಕೊಂಡಳು.

"ಏನಂತ ಬರೀಬೇಕು ಹೇಳು."

"ದುಡುಕಬೇಡಿ ಅಕ್ಕ. ಒಂದು ಸಲ ವಾಪಸ್ ಕೊಟ್ರೆ ಮೂರು ವರ್ಷ ಅರ್ಜಿ ಹಾಕೋ ಹಾಗಿಲ್ಲ. ನಿಮ್ಮನ್ನ ನಂಬಿಕೊಂಡು ನಾಲ್ಕು ಮನೆ ಇದೆ."

"ಆ ನಾಲ್ಕು ಮನೆ ಹೆಸರು ನಿನ್ನ ಬಾಯಲ್ಲಿ ಬೇಡ. ಬರೀಬೇಕಾದ್ದು ಹೇಳು ಅಂದೆ."

ಅವನು ಹೇಳಿದ. ಸ್ವಇಚ್ಛೆಯಿಂದ ಹಿಂತಿರುಗಿಸಿದ್ದೇನೆ, ತಾರೀಖು, ಗಂಟೆ, ಸಹಿ. ಅವಳು ಪೀಪಾಯಿಯ ಮೇಲೆಯೇ ಕಾಗದ ಇಟ್ಟು ಬರೆದಳು. ಅಕ್ಷರ ಈ ಸಲ ದುಂಡಗೆ ಬರಲಿಲ್ಲ. ಹನ್ನೆರಡು ಗಂಟೆ ನಲವತ್ತು ನಿಮಿಷ ಎಂದು ಬರೆದು, ಮುಟ್ಟಿದ್ದಕ್ಕೆ ಅವನ ರಸೀದಿಯನ್ನೂ ಕೇಳಿ ಪಡೆದಳು. ಆಮೇಲೆ ಚಾಕುವಿನ ಹಿಡಿಯನ್ನು ಅವನ ಕಡೆ ಚಾಚಿದಳು.

"ಈಗ ನಿನ್ನ ಟೇಪು ನೀನೇ ತೆಗಿ. ನಾನು ಮುಟ್ಟೋ ಹಾಗಿಲ್ಲ ತಾನೇ?"

ಸಾವಾನ ಕಿವಿ ಕೆಂಪಾಗಿತ್ತು. ಅವನು ಒಮ್ಮೆ ಬಾಗಿಲ ಕಡೆ ನೋಡಿದ, ಒಮ್ಮೆ ಕಾಗದದ ಕಡೆ. ಅಲ್ಲಿದ್ದ ನಲವತ್ತು ಜನರಲ್ಲಿ ಅವನ ಪರ ಮಾತಾಡುವವರು ಒಬ್ಬರೂ ಇರಲಿಲ್ಲ, ನಿಯಮ ಮಾತ್ರ ಇತ್ತು, ಅದೂ ಈಗ ಅವಳ ಕಡೆ. ಅವನು ಬಗ್ಗಿ ಟೇಪು ಕೊಯ್ದ. ಮೂರು ಸುತ್ತು ಬಿಚ್ಚಲು ಸುತ್ತಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಪ್ರೊಫೀರಾ ಊರುಗೋಲೂರಿ ಎದ್ದು ಬಂದಳು. ಯಾರೂ ಸಹಾಯಕ್ಕೆ ಹೋಗಲಿಲ್ಲ, ಹೋಗಬಾರದೆಂದು ಎಲ್ಲರಿಗೂ ತಿಳಿದಿತ್ತು. ನಲ್ಲಿ ತಿರುಗಿಸಿ ಮೊದಲ ಕಪ್ಪು ತುಂಬಿದಳು. ವೈನ್ ಕಪ್ಪಗಿತ್ತು, ಬೆಳಕಿಗೆ ಹಿಡಿದಾಗ ಮಾತ್ರ ಕೆಂಪು. ಆ ಊರಲ್ಲಿ ಮೊದಲ ದಾನ ಮನೆಯವರಿಗೂ ಅಲ್ಲ, ಊರಿನವರಿಗೂ ಅಲ್ಲ, ಹೊರಗಿನಿಂದ ಬಂದವರಿಗೆ. ಪ್ರೊಫೀರಾ ಸುತ್ತ ನೋಡಿದಳು. ಭವನದಲ್ಲಿ ಹೊರಗಿನವನು ಒಬ್ಬನೇ ಇದ್ದ.

ಬೇಡ ಕುಮಾತ್ರಾ, ಅವನಿಗೆ ಬೇಡ, ಎಂದು ಅಗ್ಲಾಯಾ ಹಲ್ಲು ಕಚ್ಚಿ ಅಂದಳು. ಪ್ರೊಫೀರಾ ಕೇಳಿಸಿಕೊಳ್ಳಲಿಲ್ಲ. ಕೊಲಾಕ್‌ನ ಬತ್ತಿ ಹಚ್ಚಿ, ಕಪ್ಪಿನ ಮೇಲೆ ರೊಟ್ಟಿಯಿಟ್ಟು ಅವನ ಮುಂದೆ ಹಿಡಿದಳು.

"ತಗೋ ಮಗಾ. ಹಾರಿತೊನ್ ಆತ್ಮಕ್ಕೆ."

ದಾನವನ್ನು ಬೇಡವೆನ್ನುವ ಹಾಗಿಲ್ಲ. ಅದನ್ನು ಎರಡು ಗುಡ್ಡದಾಚೆಯ ಅಪ್ಪನೂ ಅವನಿಗೆ ಕಲಿಸಿದ್ದ. ಸಾವಾ ಪರವಾನಗಿಯ ಕಾಗದವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯೊಡ್ಡಿದ. ಮೂರು ಹನಿ ನೆಲಕ್ಕೆ ಚೆಲ್ಲಿದ. "ದೇವರು ಅವರನ್ನ ಕ್ಷಮಿಸಲಿ," ಎಂದು ಕಪ್ಪನ್ನು ತಳದವರೆಗೆ ಕುಡಿದ. ಆಮೇಲೆ ಕಾಗದವನ್ನು ಮಡಿಸದೆ ಚೀಲದೊಳಗಿಟ್ಟು ಜಿಪ್ಪು ಎಳೆದ. ಎಲ್ಲರೂ ಕಾಯುತ್ತಿದ್ದರು, ಅವನು ಅದನ್ನು ತಿರುಗಿ ಕೊಟ್ಟಾನೇನೋ ಎಂದು. ಕೊಡಲಿಲ್ಲ.

ಅವನು ಹೊರಗೆ ಹೋದ ಮೇಲೆ ಕಪ್ಪುಗಳು ತುಂಬಿದವು, ಬತ್ತಿಗಳು ಹತ್ತಿದವು, ಜನ ಎದ್ದು ನಿಂತು ಹಾರಿತೊನ್‌ನ ಹೆಸರು ಹೇಳಿದರು. ಒಗರು ಸ್ವಲ್ಪ ಹೆಚ್ಚಾಯಿತು ಎಂದರು ಕೆಲವರು, ಇದು ಅವನದೇ ಕೈ ಎಂದರು ಕೆಲವರು. ಅಗ್ಲಾಯಾ ಅನ್ನ ತುಂಬಿದ ಕೋಸೆಲೆಯ ಸುರುಳಿಗಳನ್ನು ಬಡಿಸುತ್ತ ಹೋದಳು. ನಾಲ್ಕು ಜನ ಹೆಂಗಸರೂ ಅವಳ ಹಿಂದೆ ತಟ್ಟೆ ಹಿಡಿದು ಬಂದರು, ಯಾರೂ ಏನೂ ಕೇಳಲಿಲ್ಲ. ಕೇಳದೇ ಇದ್ದದ್ದು ಅವಳಿಗೆ ಇನ್ನೂ ಕಷ್ಟವಾಯಿತು.

"ಕುಮಾತ್ರಾ," ಅಂದಳು ಪ್ರೊಫೀರಾ, ಕಿಟಕಿಯ ಕಡೆ ಗದ್ದದಿಂದ ಸನ್ನೆ ಮಾಡಿ. "ಅವನಿಗೂ ಒಂದು ತಟ್ಟೆ ಹಾಕು."

ಸಾವಾನ ಕಾರು ಇನ್ನೂ ಹೋಗಿರಲಿಲ್ಲ. ಅಗ್ಲಾಯಾ ತಟ್ಟೆಗೆ ಆರು ಸುರುಳಿ ಕುಕ್ಕಿ, ಮೇಲೆ ಮೊಸರು ಸುರಿದು, ಬಾಗಿಲವರೆಗೆ ದಡದಡ ನಡೆದು ಬಂದು ನಿಂತಳು.

ಕಾರಿನ ಬಾಗಿಲು ತೆರೆದಿತ್ತು. ಅವನು ಒಂದು ಕಾಲು ಹೊರಗೆ ಚಾಚಿ ಸೀಟಿನಲ್ಲಿ ಕೂತಿದ್ದ, ಚೀಲ ಪಕ್ಕದ ಸೀಟಿನಲ್ಲಿ. ಮಂಡಿಯ ಮೇಲೆ ಕೊಲಾಕ್ ಇತ್ತು, ಬತ್ತಿ ಉರಿಯುತ್ತಿತ್ತು. ಸತ್ತವರ ಬತ್ತಿಯನ್ನು ಪಡೆದವನು ಊದಿ ಆರಿಸಬಾರದು, ಅದು ತಾನಾಗಿಯೇ ತೀರಬೇಕು. ಗಾಳಿ ಬಂದಾಗಲೆಲ್ಲ ಅವನು ಅಂಗೈ ಅಡ್ಡ ಹಿಡಿಯುತ್ತಿದ್ದ. ಮೇಣ ಬೆರಳ ಮೇಲೆ ಇಳಿದರೂ ಕೈ ತೆಗೆಯುತ್ತಿರಲಿಲ್ಲ.

ಬತ್ತಿ ಇನ್ನೂ ಮೂರು ಬೆರಳು ಉಳಿದಿತ್ತು. ಅಗ್ಲಾಯಾ ತಟ್ಟೆ ಕೊಡಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ಅವಳ ಕೈಯಲ್ಲಿ ಸುರುಳಿಗಳ ಹಬೆ ನಿಧಾನವಾಗಿ ಆರುತ್ತಿತ್ತು.