ಮುಂಚೆಯೇ ಹರಿದ ದಿನಗಳು

ನಮ್ಮ ಮನೆಯಲ್ಲಿ ಗೋಡೆಯ ಕ್ಯಾಲೆಂಡರಿನ ಹಾಳೆಯನ್ನು ಅದರ ದಿನ ಮುಗಿಯದೆ ಹರಿಯುವಂತಿರಲಿಲ್ಲ. ಹರಿಯುವ ಹಕ್ಕು ಅತ್ತೆಯದು. ಬೆಳಿಗ್ಗೆ ಹೊಲಿಗೆಗೆ ಕೂರುವ ಮೊದಲು ನಿನ್ನೆಯನ್ನು ಕಿತ್ತು, ಅದರ ಬೆನ್ನಿಗೆ ಅಚ್ಚಾಗಿರುತ್ತಿದ್ದ ‘ದಿನಕ್ಕೊಂದು ವಿಷಯ’ವನ್ನು ಗಟ್ಟಿಯಾಗಿ ಓದುವರು. ಒಂದು ಪದದ ಮೂಲ, ಯಾವುದೋ ಯುದ್ಧದ ಕಾರಣ, ಒಂದು ಹಕ್ಕಿಯ ಅಭ್ಯಾಸ. ಯಾರಾದರೂ ನಾಳೆಯ ಹಾಳೆಯನ್ನು ಇಣುಕಿದರೆ, “ಆಯುಸ್ಸಿಗೆ ಅವಸರ ಮಾಡ್ಬೇಡಿ” ಎಂದು ಗದರುವರು. ಅವರದು ಅರ್ಧ ತಮಾಷೆ. ನಾನು ಪೂರ್ತಿ ನಂಬಿದ್ದೆ.

ಮಾರ್ಚ್ ತಿಂಗಳಲ್ಲಿ ಅತ್ತೆಯ ಎಡಗಣ್ಣಿನ ಒಳಪರದೆ, ರೆಟಿನಾ, ಕಳಚಿಕೊಂಡಿತು. ಬಲಗಣ್ಣು ಚಿಕ್ಕಂದಿನಿಂದಲೂ ಮಬ್ಬು. ದರ್ಜಿಗಳು ಕಳಿಸುವ ಅಂಗಿಗಳಿಗೆ ಕೈಯಲ್ಲೇ ಗುಂಡಿ ತೂರುವ ಕಾಜ ಹೊಲಿದು ಜೀವನ ಕಳೆದವರಿಗೆ ಉಳಿದಿದ್ದದ್ದು ಆ ಎಡಗಣ್ಣೊಂದೇ. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು ಕಣ್ಣೊಳಗೆ ಅನಿಲದ ಗುಳ್ಳೆಯೊಂದನ್ನು ಬಿಟ್ಟಿದ್ದರು.

“ಈ ಗುಳ್ಳೆ ಪರದೆಯನ್ನ ಒತ್ತಿ ಹಿಡೀಬೇಕು. ಅದಕ್ಕೇ ಎರಡು ವಾರ ಮುಖ ಕೆಳಗೇ ಇರ್ಲಿ. ತಲೆ ಎತ್ತಿದ್ರೆ ಮತ್ತೆ ಕಳಚ್ಬಹುದು. ಆಮೇಲೆ ನಾನು ಭರವಸೆ ಕೊಡಲ್ಲ” ಎಂದು ಹೇಳಿ, “ಕಾವಲು ಯಾರು?” ಎಂದು ಕೇಳಿದರು.

ಮನೆಯವರೆಲ್ಲರೂ ನನ್ನ ಕಡೆ ತಿರುಗಿದರು.

ಅತ್ತೆ ಮಂಚದ ಮೇಲೆ ಬೋರಲು ಮಲಗಿ, ಹಣೆಯನ್ನು ದಿಂಬಿನ ಅಂಚಿಗೆ ಒರಗಿಸಿ ನೆಲ ನೋಡುತ್ತಿದ್ದರು. ನಾನು ನೆಲದ ಮೇಲೆ ಕುಳಿತು ಅವರ ಕತ್ತನ್ನು ನೋಡುತ್ತಿದ್ದೆ. ಮೊದಲೆರಡು ದಿನ ಹೇಗೋ ಸರಿಯಿತು. ಆಮೇಲೊಂದು ಮಧ್ಯಾಹ್ನ ಅವರ ಮೊಣಕೈ ಹಾಸಿಗೆಯನ್ನು ಒತ್ತಿತು.

“ಕತ್ತು ಮುರೀತಿದೆ ಕಣೇ. ಒಂದೇ ಒಂದ್ಸಲ ಸೂರು ನೋಡ್ತೀನಿ.”

“ಬೇಡ ಅತ್ತೆ, ದಮ್ಮಯ್ಯ!”

ಏನು ಮಾಡಲೂ ತೋಚದೆ, ಇನ್ನೂ ಮುಗಿಯದಿದ್ದ ಆ ದಿನದ ಹಾಳೆಯನ್ನು ಕಿತ್ತು ಓದಿದೆ. ಗೂಬೆ ತನ್ನ ಕಣ್ಣುಗುಡ್ಡೆಯನ್ನು ಹೊರಳಿಸಲಾರದು, ಅದಕ್ಕೇ ಕತ್ತನ್ನು ಅಷ್ಟು ತಿರುಗಿಸುತ್ತದೆ.

“ನನಗೆ ಎರಡೂ ಇಲ್ಲ. ಗೂಬೆಗಿಂತ ಕಡೆಯಾದೆ ನೋಡು!” ಅತ್ತೆ ನಕ್ಕರು. ಮೊಣಕೈ ಸಡಿಲವಾಯಿತು. “ಇನ್ನೊಂದು ಓದು.”

“ಅದು ನಾಳೇದು.”

“ನಾಳೆ ನಾನೆಲ್ಲಿ ಹೋಗ್ತೀನಿ? ಹರಿ.”

ಹರಿದೆ. ಅಂದಿನಿಂದ ದಿನಗಳು ಉದುರತೊಡಗಿದವು. ಒಂದು ಸಂಜೆಯೊಳಗೆ ಮಾರ್ಚ್ ಮುಗಿಯಿತು. ಫ್ಯಾನಿನ ಗಾಳಿಗೆ ಹಾಳೆಗಳು ನೆಲದ ಮೇಲೆ ತೇಲಿ ಜಾಗ ಬದಲಿಸುತ್ತಿದ್ದವು. ಜೂನ್ ಮಂಚದಡಿ ಸೇರಿಕೊಂಡಿತು, ಮೇ ಬಾಗಿಲ ಬಳಿ ಗುಂಪುಗೂಡಿತು. ಕಿಟಕಿಯ ಪರದೆಯಿಂದ ಸೋಸಿ ಬರುವ ಬೆಳಕಿನಲ್ಲಿ ನಾನು ತೂಕಡಿಸಿ ಎದ್ದರೆ ಯಾವ ತಿಂಗಳಿನಲ್ಲಿ ಎದ್ದೆನೆಂದು ತಿಳಿಯುತ್ತಿರಲಿಲ್ಲ. ಹಾಳೆಯೊಂದರಲ್ಲಿ ಓದಿದ ಮೂರು ಹೃದಯದ ಆಕ್ಟೋಪಸ್ಸು ಆ ಕೋಣೆಯಲ್ಲಿ ನಮ್ಮ ನಡುವೆ ಮೆಲ್ಲನೆ ಈಜುತ್ತಿತ್ತು. ಹರಿದ ಪ್ರತಿ ಹಾಳೆಗೂ ನನ್ನೆದೆ ಮಾತ್ರ ಚುರುಕ್ ಎನ್ನುತ್ತಿತ್ತು. ಯಾರ ದಿನಗಳನ್ನು ಖರ್ಚು ಮಾಡುತ್ತಿದ್ದೇನೆ?

‘ಕಾಜ’ ಎಂಬ ಮಾತು ಪೋರ್ಚುಗೀಸರಿಂದ ಬಂದದ್ದೆಂದೂ ಅವರ ಭಾಷೆಯಲ್ಲಿ ಅದಕ್ಕೆ ಮನೆ ಎಂಬ ಅರ್ಥವೂ ಇದೆಯೆಂದೂ ಓದಿದಾಗ ಅತ್ತೆ, “ಅಯ್ಯೋ, ಇಷ್ಟು ಮನೆ ಕಟ್ಟಿದೀನಿ, ಒಂದರಿಂದ್ಲೂ ಬಾಡಿಗೆ ಬರ್ಲಿಲ್ವಲ್ಲೇ!” ಎಂದರು.

ಕ್ಯಾಲೆಂಡರ್ ತಿದ್ದುವಾಗ ಯುರೋಪಿನ ಕೆಲವು ದೇಶಗಳು ಹತ್ತು ತಾರೀಖುಗಳನ್ನು ಬಿಟ್ಟೇಬಿಟ್ಟವಂತೆ. ಅಕ್ಟೋಬರ್ ನಾಲ್ಕರಂದು ಮಲಗಿದವರು ಎದ್ದದ್ದು ಹದಿನೈದಕ್ಕೆ. ಅತ್ತೆ ತಮ್ಮ ಉಳಿದ ದಿನಗಳನ್ನು ಬೆರಳಲ್ಲಿ ಎಣಿಸಿದರು. “ಹಂಗೆ ತಾರೀಖು ಬಿಟ್ಟುಬಿಡೋರು ಈಗ ಯಾರಾದ್ರೂ ಇದಾರಾ, ಕೇಳಿ ನೋಡು.”

ಸಂಜೆ ಕೆಲಸದಿಂದ ಬಂದ ನನ್ನ ಗಂಡ ಗೋಡೆ ನೋಡಿ, “ಆಗ್ಲೇ ನವೆಂಬರಾ? ಇಷ್ಟು ತಿಂಗಳ ಸಂಬಳ ಎಲ್ಲಿ?” ಎಂದರು.

ಗಡುವಿಗೆ ಇನ್ನೂ ಮೂರು ದಿನವಿರುವಾಗ ಡಿಸೆಂಬರ್ ಮುಗಿಯಿತು. ಗೋಡೆಯಲ್ಲಿ ಬರೀ ರಟ್ಟು.

“ಮುಗೀತಾ?”

“ಮುಗೀತು ಅತ್ತೆ.”

ಮೊಣಕೈ ಮತ್ತೆ ಹಾಸಿಗೆಯನ್ನು ಒತ್ತಿತು. ಹಣೆ ದಿಂಬಿನಿಂದ ಕೂದಲೆಳೆಯಷ್ಟು ಮೇಲೆದ್ದಿತು. ನನ್ನ ಬಾಯಿಂದ ಬಿಕ್ಕಳಿಕೆಯಂಥ ಸದ್ದೊಂದು ಬಂತು, ಅಷ್ಟೆ. ಅದು ಕೇಳಿಸಿತೇನೋ. ಅವರು ಹಣೆಯನ್ನು ಮೆಲ್ಲನೆ ಕೆಳಗಿಟ್ಟರು.

“ಸರಿ, ಇನ್ಮೇಲೆ ನಾನು ಹೇಳ್ತೀನಿ. ನೀನು ಕೇಳು. ಇವತ್ತಿನ ವಿಷಯ: ಈ ಮನೆ ಸೊಸೆ ಬಾಗಿಲಲ್ಲಿ ಒಂದು ಗಳಿಗೆ ನಿಂತೇ ಒಳಗೆ ಬರ್ತಾಳೆ. ಮುದುಕಿ ಉಸಿರಾಡ್ತಿದಾಳಾ ಅಂತ ನೋಡೋಕೆ.”

ನಾನು ನೆಲದ ಹಾಳೆಗಳನ್ನು ಒಟ್ಟುಗೂಡಿಸತೊಡಗಿದೆ.

“ನಾಳೆ ವಿಷಯ: ಒಲೆ ಆರಿಸಿದ್ನಾ ಅಂತ ಅನುಮಾನ ಬಂದ್ರೆ ಅವಳ ಕಾಲಿನ ಹೆಬ್ಬೆರಳು ಮಡಚ್ಕೊಳ್ಳುತ್ತೆ. ಈ ಹನ್ನೊಂದು ದಿನ ನೆಲ ನೋಡ್ತಾ ಅದನ್ನೇ ಕಂಡಿದೀನಿ, ಮಬ್ಬುಗಣ್ಣಲ್ಲಿ.”

ಬಗ್ಗಿ ನೋಡಿದೆ. ಹೆಬ್ಬೆರಳು ಮಡಚಿತ್ತು.

“ಆರಿಸಿದೀಯ. ನಂಗೆ ಸದ್ದು ಕೇಳಿಸ್ತು.”

ಆ ಮೂರು ದಿನ ಅವರು ಹೇಳಿದರು, ನಾನು ಕೇಳಿದೆ. ತಲೆ ಎತ್ತಲಿಲ್ಲ.

ಆಸ್ಪತ್ರೆಯ ಕತ್ತಲು ಕೋಣೆಯಲ್ಲಿ ಡಾಕ್ಟರು ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದರು. ನಾನು ಡಾಕ್ಟರ ಮುಖವನ್ನು ನೋಡುತ್ತಿದ್ದೆ.

“ಅಂಟ್ಕೊಂಡಿದೆ. ಇನ್ನು ತಲೆ ಎತ್ತಿ, ಅಮ್ಮಾ.”

ಅತ್ತೆ ಎತ್ತಿದರು, ತುಂಬಿದ ಕೊಡ ಎತ್ತುವಷ್ಟು ನಿಧಾನವಾಗಿ. “ಕೆಳಗೆಲ್ಲ ನೀರು ನಿಂತ ಹಾಗಿದೆಯಲ್ಲ, ಅಲ್ಲಾಡ್ತಿದೆ.”

“ಅದು ಗುಳ್ಳೆ, ಕರಗುತ್ತೆ. ನೀರಿನ ಮೇಲೆ ಏನು ಕಾಣುತ್ತೆ?”

ಅವರು ನನ್ನ ಕಡೆ ತಿರುಗಿದರು.

“ನಮ್ಮ ಸೊಸೆ. ಕುತ್ತಿಗೆ ತನಕ ನೀರಲ್ಲಿ ನಿಂತಿದಾಳೆ.” ಕೈ ಚಾಚಿದರು. “ಇನ್ನೂ ಯಾಕೇ ಅಲ್ಲೇ ನಿಂತಿದೀಯ? ದಡಕ್ಕೆ ಬಾ.”